ಮಸಿಗೂ ಮರಣಶಾಸನವೇ?

ಔಷಧಿಗೆ ಅವಧಿ ಬೇಕು, ಹಾಲಿಗೂ ಬೇಕು. ಅವು ನಮ್ಮ ಹೊಟ್ಟೆಗೆ ಹೋಗುವ ವಸ್ತುಗಳು. ಆದರೆ ಮನೆಯ ಪ್ರಿಂಟರಿನ ಮಸಿಗೆ ಅವಧಿ ಮುಗಿಯಿತೆಂದು, ತುಂಬಿದ ಕಾರ್ಟ್ರಿಜ್ಜನ್ನು ತಿಪ್ಪೆಗೆ ಎಸೆಯಬೇಕೆಂಬ ವಾದವನ್ನು ನಾನು ಒಪ್ಪಲಾರೆ.

ಈ ಮಸಿಯಲ್ಲಿ ಬಹುಪಾಲು ನೀರು. ಜೊತೆಗೆ ಬಣ್ಣ ಮತ್ತು ಬೇಗ ಒಣಗದಂತೆ ತಡೆಯುವ ದ್ರವಗಳು. ವರ್ಷಗಳುರುಳಿದಂತೆ ನೀರು ಆವಿಯಾಗಬಹುದು, ಬಣ್ಣದ ಕಣಗಳು ತಳಕ್ಕಿಳಿಯಬಹುದು, ಕೂದಲೆಳೆಗಿಂತ ಸಣ್ಣ ರಂಧ್ರಗಳು ಕಟ್ಟಿಕೊಳ್ಳಬಹುದು. ಇದೆಲ್ಲ ನಿಜ. ಆದರೆ ಮೊಹರು ಒಡೆಯದೆ ತಂಪಾದ ಜಾಗದಲ್ಲಿಟ್ಟ ಮಸಿ, ಡಬ್ಬಿಯ ಮೇಲಿನ ದಿನಾಂಕದ ಮರುದಿನವೇ ಕೆಟ್ಟುಹೋಗುವುದಿಲ್ಲ. ಒಂದು ಹಾಳೆ ಮುದ್ರಿಸಿ ನೋಡಿದರೆ ಅದರ ಯೋಗ್ಯತೆ ತಿಳಿಯುತ್ತದೆ. ಮುದ್ರಿಸುವ ರಂಧ್ರಗಳು ಕಾರ್ಟ್ರಿಜ್ಜಿನಲ್ಲಿಯೇ ಇದ್ದರೆ ಹಾನಿಯೂ ಅದಕ್ಕಷ್ಟೇ ಸೀಮಿತ. ಅವು ಯಂತ್ರದೊಳಗಿದ್ದರೆ ಮಾತ್ರ ಹೆಚ್ಚಿನ ಎಚ್ಚರ ಅಗತ್ಯ.

ಕೆಲವು ಮಾದರಿಗಳಲ್ಲಾದರೋ ಈ ಪರೀಕ್ಷೆಗೇ ಅವಕಾಶವಿಲ್ಲ. ಕಾರ್ಟ್ರಿಜ್ಜಿಗೆ ಅಂಟಿಸಿದ ಚಿಪ್ಪು ದಿನಾಂಕ ನೋಡಿ ಮುದ್ರಣವನ್ನೇ ನಿಲ್ಲಿಸಿಬಿಡುತ್ತದೆ. ಉತ್ತರಪತ್ರಿಕೆಯನ್ನು ತೆರೆಯದೆಯೇ ವಿದ್ಯಾರ್ಥಿಯನ್ನು ನಪಾಸು ಮಾಡಿದ ಹಾಗೆ! ಇಂತಹ ಚಿಪ್ಪಿನ ವಿರುದ್ಧ ಅಮೆರಿಕದ ಗ್ರಾಹಕರು 2005ರಲ್ಲಿಯೇ ಎಚ್‌ಪಿ ಕಂಪನಿಯ ಮೇಲೆ ದಾವೆ ಹೂಡಿದ್ದರು. 2017ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಲೆಕ್ಸ್‌ಮಾರ್ಕ್ ಕಂಪನಿಯ ಮೊಕದ್ದಮೆಯಲ್ಲಿ, ಕಾರ್ಟ್ರಿಜ್ಜು ಮಾರಾಟವಾದ ಮೇಲೆ ಅದರ ಮೇಲಿನ ಪೇಟೆಂಟ್ ಹಕ್ಕು ಮುಗಿಯಿತೆಂದು ತೀರ್ಪಿತ್ತಿತು. ಕೊಂಡ ವಸ್ತು ಕೊಂಡವನದು ಎಂಬ ನಮ್ಮ ಸಂತೆಯ ನ್ಯಾಯವೂ ಇದೇ ಅಲ್ಲವೇ?

ಯಂತ್ರದ ರಕ್ಷಣೆಗಾಗಿ ಈ ನಿರ್ಬಂಧ ಎನ್ನುವುದು ತಯಾರಕರ ಸಮಜಾಯಿಷಿ. ಹಾಗಿದ್ದರೆ ಎಚ್ಚರಿಕೆ ಕೊಡಲಿ, ತೀರ್ಮಾನವನ್ನು ನಮಗೆ ಬಿಡಲಿ. ನಮ್ಮ ಹೊನ್ನಾಳಿಯಂತಹ ಊರುಗಳಲ್ಲಿ ಪ್ರಿಂಟರು ದಿನನಿತ್ಯ ಓಡುವುದಿಲ್ಲ. ಒಂದು ಅರ್ಜಿ, ಒಂದು ಪಹಣಿ, ಮೊಮ್ಮಗಳ ಶಾಲೆಯ ಪ್ರಾಜೆಕ್ಟು, ಅಷ್ಟೇ. ಮಿತವಾಗಿ ಬಳಸುವವನಿಗೇ ಈ ದಿನಾಂಕದ ದಂಡ! ಹೊಸದನ್ನು ದಾವಣಗೆರೆಯಿಂದಲೋ ಶಿವಮೊಗ್ಗದಿಂದಲೋ ತರಿಸಿದರೆ, ಕಪ್ಪು ಮತ್ತು ಬಣ್ಣದ ಜೋಡಿಯ ಬೆಲೆ ಅಗ್ಗದ ಪ್ರಿಂಟರಿನ ಬೆಲೆಗೆ ಸಮೀಪಿಸುತ್ತದೆ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಇದಕ್ಕೇ ಹೇಳಿಸಿದಂತಿದೆ.

ಕೇಂದ್ರ ಸರ್ಕಾರವು 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿ, ಅದೇ ವರ್ಷ ಒಂದು ಜಾಲತಾಣವನ್ನೂ ತೆರೆಯಿತು. ಆ ಹಕ್ಕಿನಲ್ಲಿ ಮಸಿಯ ಮರುಬಳಕೆಯೂ ಸೇರಬೇಕು. ದಿನಾಂಕ ನೋಡಿ ನಿಲ್ಲುವ ಯಂತ್ರವಾದರೆ ಆ ಸಂಗತಿಯನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ ಮುದ್ರಿಸಬೇಕು. ಅಲ್ಲಿಯವರೆಗೆ, ಮಿತ್ರರೇ, ಪ್ರಿಂಟರ್ ಕೊಳ್ಳುವ ಮುನ್ನ ಅಂಗಡಿಯವರನ್ನು ಒಂದು ಮಾತು ಕೇಳಿ: "ಇದು ಮಸಿ ಮುಗಿದಾಗ ನಿಲ್ಲುತ್ತದೆಯೋ, ತಾರೀಖು ಮುಗಿದಾಗಲೋ?"