ಮುಖವಾಡ ತೊಡಿಸುವ ಮೊದಲು

ಹೋದ ವರುಷ ನಮ್ಮ ಉದರದಲ್ಲಿ ದೊಡ್ಡದೊಂದು ಶಸ್ತ್ರಚಿಕಿತ್ಸೆ ಆಗಬೇಕಿತ್ತು. ದೇಹವು ಅದನ್ನು ತಾಳೀತೇ ಎಂದು ಅರಿಯಲು ವೈದ್ಯರು ಹೃದಯ ಹಾಗೂ ಶ್ವಾಸಕೋಶಗಳ ಶ್ರಮಪರೀಕ್ಷೆಗೆ ಕಳುಹಿಸಿದರು. ಅಲ್ಲಿರುವುದು ನಿಂತಲ್ಲೇ ತುಳಿಯುವ ಸೈಕಲ್ಲು. ತುಳಿಯುತ್ತ ಹೋದಂತೆ ಅದರ ಭಾರ ಏರುತ್ತದೆ. ಮೂಗುಬಾಯಿಗಳನ್ನು ಮುಚ್ಚುವ ಮುಖವಾಡದ ಮೂಲಕ, ದೇಹವು ಎಷ್ಟು ಆಮ್ಲಜನಕ ಬಳಸಿತು, ಎಷ್ಟು ಇಂಗಾಲದ ಡೈಆಕ್ಸೈಡನ್ನು ಹೊರಬಿಟ್ಟಿತು ಎಂಬುದನ್ನು ಯಂತ್ರವು ಉಸಿರುಸಿರಿಗೂ ಅಳೆಯುತ್ತದೆ. ಎದೆಗೆ ಇ.ಸಿ.ಜಿ. ತಂತಿಗಳು, ತೋಳಿಗೆ ರಕ್ತದೊತ್ತಡದ ಪಟ್ಟಿ. ಭಾರವೇರುವ ಅವಧಿ ಸಾಮಾನ್ಯವಾಗಿ 8ರಿಂದ 12 ನಿಮಿಷ.

ಮೊದಲ ಸಲ ಹೋದಾಗ ಇದಾವುದನ್ನೂ ನಮಗೆ ಯಾರೂ ತಿಳಿಸಲಿಲ್ಲ. "ಅಂಗಿ ತೆಗೀರಿ, ಕೊರಳಾಗಿಂದೂ ತೆಗೀರಿ" ಎಂದು ಹುಡುಗನೊಬ್ಬ ಅವಸರಪಡಿಸಿದ. ಕೊರಳಲ್ಲಿದ್ದುದು ಇಷ್ಟಲಿಂಗದ ಕರಡಿಗೆ. ಬಾಗಿಲು ಅರ್ಧ ತೆರೆದೇ ಇತ್ತು. ನಾವು ಉತ್ತರಿಸುವಷ್ಟರಲ್ಲಿ ಮುಖವಾಡ ಬಿಗಿದಾಗಿತ್ತು. ಎರಡೇ ನಿಮಿಷಕ್ಕೆ ಉಸಿರುಕಟ್ಟಿದಂತಾಗಿ ನಾವೇ ಅದನ್ನು ಕಿತ್ತು ತೆಗೆದೆವು. ರೋಗಿ ಸಹಕರಿಸಲಿಲ್ಲವೆಂದು ಚೀಟಿಯಲ್ಲಿ ಬರೆದರು. ಆ ಮಾತು ನಮ್ಮನ್ನು ನೋಯಿಸಿತೆಂಬುದನ್ನು ಮುಚ್ಚಿಡೆವು.

ಹದಿನೈದು ದಿನಗಳ ಬಳಿಕ ಅಲ್ಲಿಗೇ ಮತ್ತೆ ಹೋದೆವು. ಈ ಬಾರಿ ಅಲ್ಲಿದ್ದ ಹೆಣ್ಣುಮಗಳು ಮೊದಲು ಕುರ್ಚಿ ಕೊಟ್ಟು ಎದುರಿಗೆ ಕುಳಿತಳು. "ಅಜ್ಜಾರ, ಇದನ್ನ ಹಾಕಿಕೊಂಡ ಮ್ಯಾಲೆ ಮಾತಾಡಾಕ ಬರಂಗಿಲ್ಲ. ಹೆಬ್ಬೆರಳು ಎತ್ತಿದ್ರ ಆರಾಮ ಅದೀರಿ ಅಂತ ತಿಳಕೋತೀನಿ. ಅಂಗೈ ತೋರಿಸಿದ್ರ ನಿಲ್ಲಸ್ತೀನಿ. ಎದಿ ನೋವು, ತಲಿ ಸುತ್ತು ಬಂದ್ರ ತಡಕೋಬ್ಯಾಡ್ರಿ" ಎಂದಳು. ಮುಖವಾಡವನ್ನು ಕೈಗೆ ಕೊಟ್ಟು ನಾಲ್ಕು ಉಸಿರು ಆಡಿಸಿದಳು. ಏದುಸಿರಿನ ಪ್ರಮಾಣವನ್ನು ಬೆರಳಿಟ್ಟು ತೋರಿಸಲು 0ರಿಂದ 10ರವರೆಗಿನ ಪಟ್ಟಿಯೊಂದನ್ನು ಎದುರಿಗಿಟ್ಟಳು. ತಂತಿಗಳಿಗಾಗಿ ಎದೆಯ ಮೇಲಿನ ಜಾಗ ಬಿಡಬೇಕಾದುದು ನಿಜವೇ. ಕರಡಿಗೆಯನ್ನು ವಸ್ತ್ರದಲ್ಲಿ ಸುತ್ತಿ ಪಟ್ಟಿಯಿಲ್ಲದ ತೋಳಿಗೆ ಕಟ್ಟಿಕೊಳ್ಳಬಹುದೇ ಎಂದು ಕೇಳಿದೆವು; ಒಪ್ಪಿ, ಪರದೆಯೆಳೆದು ಹೊರಗೆ ನಿಂತಳು. ಅಂಗದಿಂದ ಲಿಂಗ ಅಗಲಲಿಲ್ಲ, ಪರೀಕ್ಷೆಯೂ ಕೆಡಲಿಲ್ಲ. ಒಂಬತ್ತು ನಿಮಿಷ ತುಳಿದೆವು. ಯಂತ್ರ ಅದೇ, ಕಾಲುಗಳೂ ಇವೇ.

ಇಂಥ ಪರೀಕ್ಷೆಗೆ ಹಿರಿಯರನ್ನು ಕರೆದೊಯ್ಯುವವರು "ಅವರು ಹೇಳಿದಂಗ ಸುಮ್ಮನ ಮಾಡು" ಎಂದು ಗದರಿಸಬಾರದು. ಏಕೆ ಮಾಡುತ್ತಾರೆ, ಅಪಾಯವೇನು, ನಿಲ್ಲಿಸುವ ಸನ್ನೆ ಯಾವುದು ಎಂಬುದನ್ನು ಹಿಂದಿನ ದಿನವೇ ಕೇಳಿ ತಿಳಿಯಿರಿ. ನಿತ್ಯದ ಔಷಧಗಳನ್ನು ವೈದ್ಯರನ್ನು ಕೇಳದೆ ಬಿಡಬೇಡಿರಿ. ಎರಡು ಮೂರು ತಾಸು ಮೊದಲು ಹೊಟ್ಟೆತುಂಬ ಉಣ್ಣುವುದು ಬೇಡ. ಸೀರೆಯ ಸೆರಗು ಪೆಡಲಿಗೆ ಸಿಕ್ಕುವುದರಿಂದ ತಾಯಂದಿರು ಸಲ್ವಾರ್ ತೊಡುವುದು ಲೇಸು. ಎದೆಗೆ ತಂತಿ ಅಂಟಿಸಲು ಮಹಿಳೆಯೇ ಬೇಕೆಂದು ಕೇಳಲು ಅವರು ಸಂಕೋಚಪಡುತ್ತಾರೆ. ಮನೆಯವರು ಮೊದಲೇ ಕೇಳಿಡಲಿ.