ಹಣ ಹೂಡಿದವನಿಗೆ ಪಂಕ್ತಿಯಿಲ್ಲವೇ?

ನಮ್ಮ ಸಾಹಿತ್ಯಗೋಷ್ಠಿಗಳಲ್ಲಿ ಚಲನಚಿತ್ರದ ಪ್ರಸ್ತಾಪ ಬಂದಾಗಲೆಲ್ಲ ನಟನಿಗೆ ಹಾರವೂ ನಿರ್ದೇಶಕನಿಗೆ ಸ್ತುತಿಯೂ ಸಲ್ಲುತ್ತವೆ. ನಿರ್ಮಾಪಕನ ಹೆಸರೆತ್ತಿದರೆ ಮಾತ್ರ 'ಆತ ವ್ಯಾಪಾರಿ' ಎಂಬ ಒಂದೇ ನುಡಿಯಲ್ಲಿ ಪ್ರಕರಣ ಮುಗಿದುಹೋಗುತ್ತದೆ. ಸಂತೆಯಿಂದಲೇ ಹೆಸರು ಪಡೆದ ಸಂತೆಕಟ್ಟೆಯಲ್ಲಿ ಕುಳಿತು ಬರೆಯುವ ನನಗೆ ಈ ತಿರಸ್ಕಾರವನ್ನು ಸಹಿಸುವುದು ಕಷ್ಟವಾಗಿದೆ. ಕೊಡುಕೊಳ್ಳುವಿಕೆಯು ಅಷ್ಟು ಹೀನವಾದುದಾದರೆ ನಮ್ಮ ಊರಿನ ಹೆಸರನ್ನೇ ಮೊದಲು ಬದಲಿಸಬೇಕಾದೀತು!

ಗುಬ್ಬಿ ವೀರಣ್ಣನವರನ್ನೇ ನೋಡೋಣ. 'ನಾಟಕರತ್ನ' ಎಂದು ಅವರನ್ನು ಹೊಗಳದವರಿಲ್ಲ. ಆದರೆ ಹೊಗಳುವವರೆಲ್ಲ ನಟನನ್ನು ಹೊಗಳಿ ಯಜಮಾನನನ್ನು ಮರೆಯುತ್ತಾರೆ. 1884ರಲ್ಲಿ ಹುಟ್ಟಿದ ಕಂಪೆನಿಗೆ ಬಾಲಕನಾಗಿ ಸೇರಿ, 1917ರಲ್ಲಿ ಅದರ ಒಡೆತನವನ್ನೇ ಹೊತ್ತ ಮನುಷ್ಯನಾತ. ನೂರಾರು ಹೊಟ್ಟೆಗಳಿಗೆ ದಿನವೂ ಅನ್ನವನ್ನು ಒದಗಿಸಿ, ಪರದೆ ವೇಷಭೂಷಣಗಳೊಡನೆ ಊರಿಂದೂರಿಗೆ ಸಾಗುತ್ತ, ಮಳೆ ಬಂದು ಆಟ ನಿಂತ ರಾತ್ರಿಯೂ ಸಂಬಳದ ಲೆಕ್ಕವನ್ನು ಬರೆಯಬೇಕಾದವನಿಗೆ ಬೇಕಾದ ಎದೆಗಾರಿಕೆ ಎಂತಹುದೆಂಬುದನ್ನು ಬಲ್ಲವರು ಬಲ್ಲರು. ಚಲನಚಿತ್ರವು ಇನ್ನೂ ಮೂಕವಾಗಿದ್ದಾಗಲೇ ಅವರು ಅದಕ್ಕೆ ಕೈಹಾಕಿದರು. 1935ರಲ್ಲಿ 'ಸದಾರಮೆ'ಯಲ್ಲಿ ನಟಿಸಿದರು. 'ಸುಭದ್ರಾ' 1941ರಲ್ಲಿ, 'ಜೀವನ ನಾಟಕ' 1942ರಲ್ಲಿ, 'ಹೇಮರೆಡ್ಡಿ ಮಲ್ಲಮ್ಮ' 1946ರಲ್ಲಿ ಬಂದವು. ಕನ್ನಡ ಚಿತ್ರಕ್ಕೆ ಹಣ ಹಾಕುವವರು ಬೆರಳೆಣಿಕೆಯಷ್ಟೂ ಇಲ್ಲದ ದಿನಗಳವು. ಕಡೆಗೆ 1954ರ 'ಬೇಡರ ಕಣ್ಣಪ್ಪ'. ಆ ಒಂದು ಚಿತ್ರದಿಂದ ಮುತ್ತುರಾಜನು ರಾಜ್‌ಕುಮಾರನಾದನು; ನರಸಿಂಹರಾಜು ತೆರೆಗೆ ಬಂದರು. ಇಬ್ಬರೂ ಆ ಕಂಪೆನಿಯ ಅನ್ನವನ್ನು ಉಂಡವರೇ.

ಆನೆ ಕುದುರೆಗಳನ್ನು ರಂಗದ ಮೇಲೆ ತಂದು ಜನರನ್ನು ಮರುಳುಮಾಡಿದರೆಂದು ಅವರ ಮೇಲೊಂದು ಆಕ್ಷೇಪಣೆ ಉಂಟು. ಉಂಟು, ನಾನೂ ಒಪ್ಪುತ್ತೇನೆ. ಆ ಅಬ್ಬರ ನನ್ನ ರುಚಿಗೂ ಒಗ್ಗದು. ಆದರೆ ಆ ಆನೆಯನ್ನು ನೋಡಲು ಬಂದವನ ಕಾಸಿನಿಂದ ಏನೇನು ನಡೆಯಿತೆಂಬುದನ್ನೂ ಆಕ್ಷೇಪಕರು ವಿಚಾರಿಸಬೇಡವೇ?

ಇನ್ನೊಂದು ಕಡೆಯನ್ನೂ ನೋಡಿರಿ. ಸಂತೆಕಟ್ಟೆಯಿಂದ ಕುಂದಾಪುರದ ಮಾರ್ಗವನ್ನು ಹಿಡಿದು ಬ್ರಹ್ಮಾವರ, ಸಾಲಿಗ್ರಾಮಗಳನ್ನು ದಾಟಿದರೆ ಕೋಟ. ಅಲ್ಲಿಯ ಶಿವರಾಮ ಕಾರಂತರು ವೀರಣ್ಣನವರು ಮೂಕಚಿತ್ರಗಳನ್ನು ತೆಗೆದ ಕಾಲದಲ್ಲಿಯೇ, 1930ರಲ್ಲಿ 'ಡೊಮಿಂಗೊ'ವನ್ನೂ 1931ರಲ್ಲಿ 'ಭೂತರಾಜ್ಯ'ವನ್ನೂ ತೆಗೆದರು. ಇಂದು ಅವನ್ನು ನೋಡಬೇಕೆಂದರೆ ಸಿಗಲಾರವು. ಕಾರಂತರಲ್ಲಿ ಪ್ರತಿಭೆ ಸಾಲದಾಯಿತೆಂದು ಹೇಳುವ ಧೈರ್ಯ ಯಾರಿಗಿದೆ? ಸಾಲದಾದುದು ಬೆನ್ನಿಗೆ ನಿಲ್ಲುವ ಸಂಸ್ಥೆ. ಚಿತ್ರವನ್ನು ಊರೂರಿಗೆ ಮುಟ್ಟಿಸುವ, ಸೋತರೆ ಮತ್ತೊಂದಕ್ಕೆ ಹಣ ಹೊಂದಿಸುವ ವ್ಯಾಪಾರಿಯ ಕೈ. ಕೋಟದಲ್ಲಿ ಕಾರಂತರಿದ್ದರು, ವೀರಣ್ಣನಿರಲಿಲ್ಲ. ನಮ್ಮ ಜಿಲ್ಲೆಯ ಚಿತ್ರಕಲೆಯು ಆಗಲೇ ಬೇರೂರದೆ ಹೋದುದಕ್ಕೆ ನಾನು ಕಾಣುವ ಕಾರಣ ಇದೇ. ವ್ಯಾಪಾರವನ್ನು ಹೀಗಳೆಯುವ ಪಂಡಿತರು ಬೇರೆ ಕಾರಣವನ್ನು ತೋರಿಸಲಿ.

ಬಂಟವಾಳ ಸೀಮೆಯ ಮಂಚಿಯಿಂದ ಒಬ್ಬ ಹುಡುಗ ಮನೆ ಬಿಟ್ಟು ಓಡಿಹೋಗಿ ಇದೇ ಗುಬ್ಬಿ ಕಂಪೆನಿಯನ್ನು ಸೇರಿದನು. ವೀರಣ್ಣನವರು ಅವನನ್ನು ಬಣ್ಣ ಹಚ್ಚುವ ಕೆಲಸದಲ್ಲಿಯೇ ಸವೆಸಬಹುದಿತ್ತು; ಲಾಭವನ್ನೇ ನೋಡುವವನು ಹಾಗೆಯೇ ಮಾಡುತ್ತಿದ್ದನು. ಅವರು ಅವನನ್ನು ಕಾಶಿಗೆ ಕಳುಹಿಸಿ ಹಿಂದಿಯಲ್ಲಿ ಎಂ.ಎ. ಓದಿಸಿದರು. ಆ ಹುಡುಗನೇ ಬಿ. ವಿ. ಕಾರಂತ. ಕೋಟದ ಕಾರಂತರು 1933ರಲ್ಲಿ ಬರೆದ 'ಚೋಮನ ದುಡಿ'ಯನ್ನು 1975ರಲ್ಲಿ ಚಿತ್ರವಾಗಿಸಿ ರಾಷ್ಟ್ರದ ಸ್ವರ್ಣಕಮಲವನ್ನು ತಂದವರು ಅವರೇ. ಅಷ್ಟರಲ್ಲಿ ವೀರಣ್ಣನವರು ತೀರಿಹೋಗಿ ಮೂರು ವರ್ಷಗಳಾಗಿದ್ದವು. ಆ ಚಿತ್ರಕ್ಕೆ ಅವರು ಬಿಡಿಗಾಸನ್ನೂ ಹೂಡಿದವರಲ್ಲ ನಿಜ; ಆದರೆ ಅದರ ನಿರ್ದೇಶಕನ ಕಾಶಿಯ ಓದಿನ ವೆಚ್ಚವು ಯಾರ ಗಲ್ಲಾಪೆಟ್ಟಿಗೆಯಿಂದ ಹೊರಟಿತೆಂಬುದನ್ನು, ಮುಂದಿನ ಸಲ ಚೋಮನನ್ನು ಕುರಿತು ಭಾಷಣಕ್ಕೆ ನಿಲ್ಲುವ ಮಹನೀಯರು ಸಭೆಗೆ ತಿಳಿಸುವ ಕೃಪೆಮಾಡಬೇಕು.