ಆಸನದಾಚೆಗಿನ ಯೋಗ ಜೇವರ್ಗಿ ಸೀಮೆಯಲ್ಲೇ ಇದೆ

2015ರಿಂದೀಚೆಗೆ ಜೂನ್ 21 ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿಯ ಶಾಲೆಗಳಲ್ಲೂ ಯೋಗ ದಿನ. ಮಕ್ಕಳು ಸಾಲಾಗಿ ನಿಂತು ತಾಡಾಸನ, ವೃಕ್ಷಾಸನ ಮಾಡುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಪತಂಜಲಿ ಹೇಳಿದ ಎಂಟು ಅಂಗಗಳಲ್ಲಿ ಆಸನ ಮೂರನೆಯದು ಮಾತ್ರ. ಅದರ ಮುಂದಿನ ಹಾದಿಯನ್ನು ತನ್ನದೇ ರೀತಿಯಲ್ಲಿ ನಡೆದ ಸೀಮೆ ಇದು. ಆ ಹಾದಿಯ ಹೆಸರು ಶಿವಯೋಗ. ಅದರ ಪರಿಚಯವೇ ಇಲ್ಲದೆ ಇಲ್ಲಿನ ಮಕ್ಕಳು ಯೋಗ ಕಲಿಯುವುದು ಸರಿಯಲ್ಲ.

ಶಿವಯೋಗದಲ್ಲಿ ಸಾಧಕ ಬೆನ್ನು ನೆಟ್ಟಗಿಟ್ಟು ಕೂರುತ್ತಾನೆ. ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಕಣ್ಣಿನ ಮಟ್ಟಕ್ಕೆ ಹಿಡಿದು ಅದರ ಕಂಥೆಯ, ಅಂದರೆ ಕಪ್ಪು ಹೊದಿಕೆಯ, ಮೇಲೆ ನೋಟ ನೆಡುತ್ತಾನೆ. ನೋಟ ನಿಂತಂತೆ ಉಸಿರು ತಗ್ಗುತ್ತದೆ, ಮನಸ್ಸಿನ ಓಟ ತಗ್ಗುತ್ತದೆ. ಕೈಯಲ್ಲಿ ಕಂಡದ್ದನ್ನು ಪ್ರಾಣದಲ್ಲಿ ಕಾಣುವುದು ಮುಂದಿನ ಹಂತ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಈ ನಡಿಗೆಯನ್ನು 17ನೇ ಶತಮಾನದಲ್ಲಿ ಜೇವರ್ಗಿಯ ಷಣ್ಮುಖ ಶಿವಯೋಗಿಗಳು, ಗುರು ಅಖಂಡೇಶ್ವರರ ಹೆಸರನ್ನೇ ಅಂಕಿತವಾಗಿಸಿಕೊಂಡು, ಏಳುನೂರಕ್ಕೂ ಹೆಚ್ಚು ವಚನಗಳಲ್ಲಿ ಹೇಳಿದರು. ಅವರ ಊರಿನ ಎಷ್ಟು ಮಕ್ಕಳಿಗೆ ಇದು ಗೊತ್ತು?

ಶೂನ್ಯಸಂಪಾದನೆಯಲ್ಲೊಂದು ಪ್ರಸಂಗವಿದೆ. ವಜ್ರಕಾಯನಾದ ಹಠಯೋಗಿ ಗೋರಕ್ಷನ ಮೈಗೆ ಖಡ್ಗ ತಾಗಿದರೆ ಖಣಿಲೆನ್ನುತ್ತದೆ. ಶರಣ ಅಲ್ಲಮನ ಮೈಯಲ್ಲಿ ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಮೈ ಗಟ್ಟಿಯಾದರೆ ಸಾಲದು, ನಾನೆಂಬುದು ಕರಗಬೇಕು ಎಂಬುದು ಶರಣರ ನಿಲುವು. ವಿಶೇಷವೆಂದರೆ, ಆಸನ ಕಲಿಸುವವರೆಲ್ಲ ಗೌರವಿಸುವ ಹಠಯೋಗ ಪ್ರದೀಪಿಕೆಯೇ ಸಿದ್ಧರ ಸಾಲಿನಲ್ಲಿ ಅಲ್ಲಮಪ್ರಭುವನ್ನು ನೆನೆಯುತ್ತದೆ.

ಇಷ್ಟಲಿಂಗ ಒಂದು ಧರ್ಮದವರ ದೀಕ್ಷೆಯ ಕುರುಹು, ಅದನ್ನು ಶಾಲೆಗೆ ತರುವುದು ಹೇಗೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಲಿಂಗವನ್ನು ಎಲ್ಲರ ಕೈಗೆ ಕೊಡಬೇಕಿಲ್ಲ. ಈ ಸೀಮೆಯ ತತ್ವಪದಕಾರರು ಯೋಗದ ಅನುಭವವನ್ನು ಎಲ್ಲ ಮನೆಗಳಿಗೂ ಹಾಡಾಗಿ ಹಂಚಿಟ್ಟಿದ್ದಾರೆ. ಅವರಲ್ಲೊಬ್ಬರಾದ ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರು ಜಲಾಲಸಾಹೇಬರೂ ಇದ್ದರು. ಇಡಾ, ಪಿಂಗಳ, ಸುಷುಮ್ನೆ, ಆರು ಚಕ್ರಗಳ ಮಾತು ಸಂಸ್ಕೃತ ಬಾರದ ರೈತರ ಬಾಯಲ್ಲಿ ಏಕತಾರಿಯೊಂದಿಗೆ ಉಳಿದದ್ದು ಇಂಥವರಿಂದ. ಇಂದಿಗೂ ಅಮಾವಾಸ್ಯೆಯ ಭಜನೆಗಳಲ್ಲಿ ಆ ಪದಗಳು ಕೇಳುತ್ತವೆ, ಹಾಡುವವರಲ್ಲಿ ಹೆಚ್ಚಿನವರು ವಯಸ್ಸಾದವರು.

ಶಿಕ್ಷಣ ಇಲಾಖೆ ಮುಂದಿನ ಜೂನ್ 21ಕ್ಕೆ ಈ ಹಿರಿಯರನ್ನು ಶಾಲೆಗೆ ಕರೆಯಲಿ, ಗೌರವಧನ ಕೊಡಲಿ. ಆಸನಗಳಾದ ಮೇಲೆ ಮಕ್ಕಳು ಸ್ವಲ್ಪ ಹೊತ್ತು ಸುಮ್ಮನೆ ಕೂತು ಉಸಿರು ಗಮನಿಸಲಿ, ಒಂದು ತತ್ವಪದ ಕಲಿಯಲಿ. ಇದಕ್ಕೆ ಹೊಸ ಪಠ್ಯಕ್ರಮ ಬೇಕಿಲ್ಲ. ಕಲಿಸಬಲ್ಲವರು ಪಕ್ಕದ ಓಣಿಯಲ್ಲೇ ಇದ್ದಾರೆ.